ಶನಿವಾರ ಶ್ರೀರಂಗಪಟ್ಟಣ, ಭಾನುವಾರ ಬಿಡದಿ: ಮಕ್ಕಳೊಂದಿಗೆ ಎರಡು ದಿನ

ಮೊದಲ ಸಲ ನಾವು ಈ ಪ್ರವಾಸದ ಕ್ರಮವನ್ನೇ ತಿರುವುಮುರುವು ಮಾಡಿದ್ದೆವು. ಶನಿವಾರ ಬಿಡದಿಯ ವಂಡರ್‌ಲಾ ಮನರಂಜನಾ ಪಾರ್ಕ್, ಭಾನುವಾರ ಶ್ರೀರಂಗಪಟ್ಟಣ. ಮೊದಲ ದಿನ ಮಕ್ಕಳು ಗಂಟೆಗಟ್ಟಲೆ ನೀರಿನಲ್ಲಿ ನೆನೆದರು, ಕೂಗಿ ಕೂಗಿ ಗಂಟಲು ಕಟ್ಟಿಕೊಂಡರು. ಮರುದಿನ ದರಿಯಾ ದೌಲತ್ ಬಾಗಿನ ಮುಂದೆ ಕಾರು ನಿಲ್ಲಿಸಿದಾಗ ಇಬ್ಬರೂ ಹಿಂದಿನ ಸೀಟಿನಲ್ಲಿ ಮೈಮರೆತು ಮಲಗಿದ್ದರು. ಎಬ್ಬಿಸಿ ಒಳಗೆ ಕರೆದೊಯ್ದರೆ, ಮಗ ನೆರಳು ಕಂಡಲ್ಲೆಲ್ಲ ಕುಳಿತ. ಮಗಳು ಮನೆಗೆ ಯಾವಾಗ ಎಂದು ಕೇಳುತ್ತಲೇ ಇದ್ದಳು. ತಪ್ಪು ಅವರದಲ್ಲ. ದಣಿದ ಮಗುವಿಗೆ ಯಾವ ಅರಮನೆಯೂ ಬರೀ ಗೋಡೆ.

ಮರುವರ್ಷ ಕೋಟೆಯನ್ನು ಮೊದಲ ದಿನಕ್ಕೆ, ನೀರಾಟವನ್ನು ಎರಡನೆಯ ದಿನಕ್ಕೆ ಇಟ್ಟುಕೊಂಡು ಹೊರಟೆವು. ಹತ್ತು ವರ್ಷದ ಮಗಳು, ಏಳು ವರ್ಷದ ಮಗ, ಎಪ್ಪತ್ತು ದಾಟಿದ ನನ್ನ ಅಮ್ಮ, ನಾವಿಬ್ಬರು. ಅದೇ ಊರು, ಅದೇ ಮಕ್ಕಳು, ಆದರೆ ಪ್ರವಾಸ ಬೇರೆಯೇ ಆಯಿತು. ಬೆಂಗಳೂರಿನಿಂದ ಹೊರಡುವ ಕುಟುಂಬಗಳಿಗಾಗಿ ಆ ಎರಡನೆಯ ಪ್ರವಾಸದ ಕ್ರಮವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಒಂದು ವಾರ ಮೊದಲು

ಗೋಡೆಗೆ ಮಕ್ಕಳನ್ನು ಆನಿಸಿ ನಿಲ್ಲಿಸಿ ಎತ್ತರ ಅಳೆಯಿರಿ. ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ ನಿರ್ಧಾರವಾಗುವುದು ವಯಸ್ಸಿನಿಂದಲ್ಲ, ಎತ್ತರದಿಂದ. 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಟಿಕೆಟ್ ಬೇಡ, ಅಲ್ಲಿಂದ 140 ಸೆಂ.ಮೀ. ವರೆಗೆ ಮಕ್ಕಳ ಟಿಕೆಟ್, ಅದನ್ನು ದಾಟಿದರೆ ದೊಡ್ಡವರ ಟಿಕೆಟ್. ದೊಡ್ಡ ರೋಲರ್ ಕೋಸ್ಟರುಗಳಿಗೆ ಹತ್ತಿಸಿಕೊಳ್ಳುವುದೂ ಎತ್ತರ ನೋಡಿಯೇ. ಯಾವ ಆಟಕ್ಕೆ ತಾನು ಹತ್ತಬಹುದು, ಯಾವುದಕ್ಕೆ ಮುಂದಿನ ವರ್ಷದವರೆಗೆ ಕಾಯಬೇಕು ಎಂಬುದು ಮಗುವಿಗೆ ಮನೆಯಲ್ಲೇ ಗೊತ್ತಿರಲಿ. ಅರ್ಧ ಗಂಟೆ ಸಾಲಿನಲ್ಲಿ ನಿಂತ ಮೇಲೆ ಅಳತೆಗೋಲಿನ ಮುಂದೆ ತಿರಸ್ಕೃತವಾಗುವ ಮಗುವಿನ ಮುಖವನ್ನು ನಾನು ನೋಡಿದ್ದೇನೆ. ಅದನ್ನು ತಪ್ಪಿಸುವುದು ತಂದೆ ತಾಯಿಯ ಕೈಯಲ್ಲೇ ಇದೆ.

ಎರಡನೆಯ ಕೆಲಸ ಬಟ್ಟೆ. ನೀರಿನ ಆಟಗಳಿಗೆ ಹತ್ತಿಯ ಬಟ್ಟೆ ನಡೆಯುವುದಿಲ್ಲ. ನೈಲಾನ್ ಅಥವಾ ಲೈಕ್ರಾದ ಈಜುಡುಗೆ ಬೇಕು. ಅಲ್ಲಿಯೇ ಕೊಳ್ಳಬಹುದು, ಆದರೆ ಬೆಲೆ ಹೆಚ್ಚು, ಅಳತೆ ಸಿಕ್ಕಿದ ಹಾಗೆ. ಮೈ ಮುಚ್ಚುವ, ಮೊಣಕಾಲು ದಾಟುವ ಉಡುಗೆಗಳೂ ಪೇಟೆಯಲ್ಲಿ ಸಿಗುತ್ತವೆ. ನನ್ನಂತೆ ಸಂಕೋಚಪಡುವ ಹೆಂಗಸರು ಮೊದಲೇ ಅಂಥದ್ದನ್ನು ಹೊಂದಿಸಿಕೊಂಡರೆ ದಡದಲ್ಲಿ ಚೀಲ ಕಾಯುತ್ತ ಕುಳಿತುಕೊಳ್ಳಬೇಕಾಗುವುದಿಲ್ಲ.

ಟಿಕೆಟನ್ನೂ ರಾತ್ರಿ ತಂಗುವ ಕೋಣೆಯನ್ನೂ ಮುಂಗಡವಾಗಿ ಕಾಯ್ದಿರಿಸಿ. ಶ್ರೀರಂಗಪಟ್ಟಣದಲ್ಲೇ ಕಾವೇರಿಯ ದಡದ ಮೇಲೆ ಪ್ರವಾಸೋದ್ಯಮ ನಿಗಮದ ಮಯೂರ ರಿವರ್ ವ್ಯೂ ಇದೆ. ಅಲ್ಲಿ ಸಿಗದಿದ್ದರೆ ಮೈಸೂರು ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿದೆ, ಕೋಣೆಗಳಿಗೆ ಬರವಿಲ್ಲ. ದಸರಾ ವಾರವನ್ನು ಮಾತ್ರ ಬಿಟ್ಟುಬಿಡಿ.

ಹೊರಡುವ ಹಿಂದಿನ ರಾತ್ರಿ ಮಕ್ಕಳಿಗೆ ಒಂದು ಕಾಗದ ಕೊಟ್ಟು ದ್ವೀಪದ ಚಿತ್ರ ಬರೆಸಿ. ಮೀನಿನಂತೆ ಉದ್ದನೆಯ ಒಂದು ನೆಲ, ಪಡುವಣದ ತುದಿಯಲ್ಲಿ ಕೋಟೆ, ಮೂಡಣದ ತುದಿಯಲ್ಲಿ ಸಂಗಮ, ಎರಡೂ ಮಗ್ಗುಲಲ್ಲಿ ಕಾವೇರಿ. ಅಷ್ಟು ಸಾಕು. ನದಿ ಎರಡಾಗಿ ಒಡೆದು ಊರನ್ನು ಸುತ್ತುವರಿದು ಮತ್ತೆ ಕೂಡಿಕೊಳ್ಳುತ್ತದೆ ಎಂಬುದು ತಲೆಯಲ್ಲಿ ಕುಳಿತರೆ, ಇಲ್ಲಿ ರಾಜಧಾನಿ ಏಕೆ ಕಟ್ಟಿದರು ಎಂಬ ಪ್ರಶ್ನೆಗೆ ಅವರೇ ಉತ್ತರ ಹೇಳುತ್ತಾರೆ.

ಶನಿವಾರ ಬೆಳಿಗ್ಗೆ ಆರಕ್ಕೆ

2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥದಲ್ಲಿ ಹೋದರೆ ಒಂಬತ್ತಕ್ಕೆ ಮುಂಚೆ ನಿರಾತಂಕವಾಗಿ ತಲುಪುತ್ತೀರಿ. ಫಾಸ್ಟ್ಯಾಗ್‌ನಲ್ಲಿ ಹೋಗಿಬರುವ ಟೋಲಿಗೆ ಸಾಕಾಗುವಷ್ಟು ಹಣವಿರಲಿ. ಕಾರಿನ ವೇಗ ಮಿತಿ ಗಂಟೆಗೆ 100 ಕಿ.ಮೀ., ದಾರಿಯುದ್ದಕ್ಕೂ ಕ್ಯಾಮೆರಾಗಳಿವೆ. ದ್ವಿಚಕ್ರ ವಾಹನಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಮರೆಯಬಾರದ ಸಂಗತಿ ಇನ್ನೊಂದಿದೆ: ಈ ರಸ್ತೆ ಶ್ರೀರಂಗಪಟ್ಟಣವನ್ನು ಬೈಪಾಸ್ ಮಾಡಿ ಹೋಗುತ್ತದೆ. ಅದಕ್ಕೂ ಮುನ್ನವೇ ಸರ್ವಿಸ್ ರಸ್ತೆಗೆ ಇಳಿಯದಿದ್ದರೆ ಮೈಸೂರಿನ ಕಡೆಗೆ ಬಹುದೂರ ಹೋಗಿ ಹಿಂದಿರುಗಬೇಕು.

ಮದ್ದೂರು ವಡೆಯ ಆಸೆಯಿದ್ದರೆ ಹಳೆಯ ರಸ್ತೆಗೆ ಇಳಿದು ಮದ್ದೂರು ಪೇಟೆಯೊಳಗೆ ಹೋಗಬೇಕು. ನಾವು ಇಡ್ಲಿ ಚಟ್ನಿ ಕಟ್ಟಿಕೊಂಡು ಹೋಗಿದ್ದೆವು. ರೈಲಿನಲ್ಲಿ ಬರುವವರಿಗೆ ಒಂದು ಭಾಗ್ಯವಿದೆ: ಶ್ರೀರಂಗಪಟ್ಟಣದ ನಿಲ್ದಾಣ ಕೋಟೆಯ ಒಳಗೇ ಇದೆ. ಆಟೊ ಮಾತಾಡಿಕೊಂಡು ದಿನವಿಡೀ ಸುತ್ತಬಹುದು.

ಶನಿವಾರದ ಸುತ್ತು: ಕತೆಯ ಕ್ರಮದಲ್ಲಿ

ಇದು ಈ ಲೇಖನದ ಮುಖ್ಯ ಭಾಗ. ಶ್ರೀರಂಗಪಟ್ಟಣದಲ್ಲಿ ನೋಡುವ ಜಾಗಗಳು ಹತ್ತಾರಿವೆ. ಹೆಚ್ಚಿನವರು ಹತ್ತಿರವಿದ್ದದ್ದನ್ನು ಮೊದಲು, ದೂರವಿದ್ದದ್ದನ್ನು ಆಮೇಲೆ ನೋಡುತ್ತಾರೆ. ಹಾಗೆ ನೋಡಿದರೆ ಮಕ್ಕಳ ನೆನಪಿನಲ್ಲಿ ಉಳಿಯುವುದು ಕಲ್ಲು, ಫಲಕ, ಬಿಸಿಲು. ಜಾಗಗಳ ನಡುವೆ ಇರುವುದು ಒಂದೆರಡು ಕಿಲೋಮೀಟರ್ ಅಷ್ಟೆ. ಆ ಚೂರು ಪೆಟ್ರೋಲು ಖರ್ಚಾಗಲಿ. ಘಟನೆಗಳು ನಡೆದ ಕ್ರಮದಲ್ಲಿ ನೋಡಿಸಿ.

ಆರಂಭ ದರಿಯಾ ದೌಲತ್ ಬಾಗಿನಿಂದ. ಟಿಪ್ಪು 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ, ಕೋಟೆಯ ಹೊರಗೆ ನದಿಯ ಬದಿಯ ತೋಟದ ನಡುವೆ ಇದೆ. ಬಾಗಿಲು ಒಂಬತ್ತಕ್ಕೆ ತೆರೆಯುತ್ತದೆ. ಆಗಲೇ ಹೋಗಿ, ಶಾಲಾ ಬಸ್ಸುಗಳು ಬರುವ ಮುನ್ನ. ಪುರಾತತ್ವ ಇಲಾಖೆಯ ಟಿಕೆಟ್ ಇದೆ, 15 ವರ್ಷದೊಳಗಿನವರಿಗೆ ಶುಲ್ಕವಿಲ್ಲ. ಹೊರಗಿನಿಂದ ನೋಡಿದರೆ ಅರಮನೆ ಕಾಣುವುದೇ ಇಲ್ಲ. ಚಿತ್ರಗಳು ಬಿಸಿಲಿಗೆ ಮಾಸದಿರಲೆಂದು ಸುತ್ತಲೂ ಹಸಿರು ಪರದೆಗಳನ್ನು ಇಳಿಬಿಟ್ಟಿದ್ದಾರೆ. ಒಳಗೆ ಹೋದೊಡನೆ ಕತ್ತಲು ಎನಿಸುತ್ತದೆ. ಎರಡು ನಿಮಿಷ ಸುಮ್ಮನೆ ನಿಲ್ಲಿ, ಕಣ್ಣು ಹೊಂದಿಕೊಳ್ಳಲಿ. ಆಮೇಲೆ ತೇಗದ ಕಂಬ, ಕಮಾನು, ಚಾವಣಿಗಳ ಮೇಲೆಲ್ಲ ಹೂಬಳ್ಳಿ ಅರಳುತ್ತದೆ.

ಮಕ್ಕಳನ್ನು ಪಶ್ಚಿಮದ ಗೋಡೆಯ ಮುಂದೆ ನಿಲ್ಲಿಸಿ. ಅಲ್ಲಿರುವುದು ಪೊಳಿಲೂರಿನ ಯುದ್ಧ. 1780ರ ಸೆಪ್ಟೆಂಬರಿನಲ್ಲಿ ಕಾಂಚೀಪುರದ ಬಳಿ ಹೈದರ್ ಮತ್ತು ಟಿಪ್ಪುವಿನ ಸೇನೆ ಈಸ್ಟ್ ಇಂಡಿಯಾ ಕಂಪನಿಯ ಒಂದು ದೊಡ್ಡ ಪಡೆಯನ್ನು ಸುತ್ತುವರಿದು ಸೋಲಿಸಿತು. "ಪಲ್ಲಕ್ಕಿಯಲ್ಲಿ ಕುಳಿತವನನ್ನು ಹುಡುಕು" ಎಂದು ಮಗುವಿಗೆ ಹೇಳಿ. ಕೆಂಪು ಅಂಗಿಯ ಸೈನಿಕರು ಚೌಕವಾಗಿ ನಿಂತಿರುವ ನಡುವೆ ಇರುವವನು ಕರ್ನಲ್ ಬೈಲಿ. ಇನ್ನು "ಸಿಡಿಯುತ್ತಿರುವ ಬಂಡಿಯನ್ನು ಹುಡುಕು". ಅದು ಅವರ ಮದ್ದಿನ ಬಂಡಿ. ಮೈಸೂರಿನವರ ಬಳಿ ಕಬ್ಬಿಣದ ಕೊಳವೆಯ ರಾಕೆಟ್‌ಗಳಿದ್ದವು. ಅಂಥ ಕೊಳವೆಗಳನ್ನು ಮುಂದೆ ಇಂಗ್ಲೆಂಡಿಗೆ ಒಯ್ದು ನೋಡಿ, ಕಾಂಗ್ರೀವ್ ಎಂಬವನು ಬ್ರಿಟಿಷರ ರಾಕೆಟ್ ರೂಪಿಸಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೆಯ ಬಾವಿಯೊಂದರಲ್ಲಿ ಇಂಥ ರಾಕೆಟ್‌ಗಳು ಸಾವಿರದಷ್ಟು ಸಿಕ್ಕವು ಎಂದೂ ಹೇಳಿ. ಬಾವಿಯಲ್ಲಿ ರಾಕೆಟ್ ಎಂದರೆ ಯಾವ ಹುಡುಗ ಕಿವಿ ನಿಮಿರಿಸುವುದಿಲ್ಲ?

ಒಂದು ಗಂಟೆ ಇಲ್ಲಿಗೆ ಕೊಡಿ, ಹೆಚ್ಚಾದರೂ ಚಿಂತೆಯಿಲ್ಲ. ಒಳಗಿನ ಸಂಗ್ರಹಾಲಯದಲ್ಲಿ 1792ರ ಒಪ್ಪಂದದ ಬಗ್ಗೆ ಹೇಳಲು ಮರೆಯಬೇಡಿ. ಆ ವರ್ಷ ಸೋತ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, ದಂಡ ಕಟ್ಟುವವರೆಗೆ ಒತ್ತೆಯಾಗಿ ತನ್ನ ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ವಶಕ್ಕೆ ಒಪ್ಪಿಸಬೇಕಾಯಿತು. ಅವರು ಮನೆಗೆ ಮರಳಿದ್ದು 1794ರಲ್ಲಿ. ಇದನ್ನು ಕೇಳಿ ನನ್ನ ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವರ ಅಮ್ಮ ಎಲ್ಲಿದ್ದರು?" ಎಂದಳು.

ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆ ಈ ಹೊತ್ತಿಗೆ ಬಂದೇ ಬರುತ್ತದೆ. ಒಂದೇ ಪದದಲ್ಲಿ ಉತ್ತರಿಸಲು ಹೋಗಬೇಡಿ. ಇಲ್ಲಿ ಏನೇನು ನಡೆಯಿತು ಎಂಬುದನ್ನು ಮೊದಲು ನೋಡೋಣ, ಉತ್ತರವನ್ನು ದೊಡ್ಡವಳಾದ ಮೇಲೆ ನೀನೇ ಓದಿ ಕಂಡುಕೋ ಎಂದು ನಾನು ಹೇಳಿದೆ. ಮಕ್ಕಳು ಇದನ್ನು ನಾವು ಎಣಿಸುವುದಕ್ಕಿಂತ ಸುಲಭವಾಗಿ ಒಪ್ಪುತ್ತಾರೆ.

ಅಲ್ಲಿಂದ ಕೋಟೆಯೊಳಗೆ, ಬೈಲಿಯ ಸೆರೆಮನೆಗೆ. ಚಿತ್ರದಲ್ಲಿ ಪಲ್ಲಕ್ಕಿಯಲ್ಲಿದ್ದವನ ಹೆಸರನ್ನೇ ಹೊತ್ತಿರುವ ನೆಲಮಾಳಿಗೆ ಇದು. ಮೆಟ್ಟಿಲಿಳಿದು ಹೋದರೆ ಸುಮಾರು ಮೂವತ್ತು ಮೀಟರ್ ಉದ್ದದ, ಕಮಾನು ಚಾವಣಿಯ ಸುಣ್ಣ ಬಳಿದ ಕೋಣೆ. ಗೋಡೆಯಿಂದ ಚಾಚಿಕೊಂಡ ತೂತುಳ್ಳ ಕಲ್ಲುಗಳು. ಕೈದಿಗಳನ್ನು ಆ ಕಲ್ಲುಗಳಿಗೆ ಕಟ್ಟುತ್ತಿದ್ದರು ಎನ್ನುತ್ತಾರೆ. ಬೈಲಿ 1782ರಲ್ಲಿ ಇದೇ ಊರಿನಲ್ಲಿ ಸೆರೆಯಲ್ಲೇ ತೀರಿಕೊಂಡ. ನೆಲದ ಮೇಲೆ ಒಂದು ಫಿರಂಗಿ ಬಿದ್ದಿದೆ. 1799ರ ಮುತ್ತಿಗೆಯಲ್ಲಿ ಅದು ಚಾವಣಿ ಒಡೆದುಕೊಂಡು ಕೆಳಗೆ ಬಿತ್ತು ಎಂಬ ಮಾತಿದೆ.

ಇಲ್ಲಿ ನಿಂತು ಹೇಳಬೇಕಾದ ಹೆಸರು ಇನ್ನೊಂದು: ಡೇವಿಡ್ ಬೇರ್ಡ್. ಪೊಳಿಲೂರಿನಲ್ಲಿ ಸೆರೆ ಸಿಕ್ಕಿ, 1784ರವರೆಗೆ ಶ್ರೀರಂಗಪಟ್ಟಣದಲ್ಲಿ ಕೈದಿಯಾಗಿದ್ದವನು. ಹದಿನೈದು ವರ್ಷಗಳ ನಂತರ, 1799ರ ಮೇ 4ರ ಮಧ್ಯಾಹ್ನ, ನದಿ ದಾಟಿ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಅವನೇ. ಈ ಒಂದು ಎಳೆಯನ್ನು ಹಿಡಿದುಕೊಂಡರೆ ಚಿತ್ರದ ಗೋಡೆ, ಸೆರೆಮನೆ, ಕೋಟೆಯ ಒಡಕು ಮೂರೂ ಒಂದೇ ಕತೆಯಾಗಿ ಕೂಡಿಕೊಳ್ಳುತ್ತವೆ.

ಮಧ್ಯಾಹ್ನ ಬಾಗಿಲು ಹಾಕುವುದರಿಂದ ಹನ್ನೊಂದೂವರೆಯೊಳಗೆ ರಂಗನಾಥಸ್ವಾಮಿ ದೇವಸ್ಥಾನದಲ್ಲಿರಿ. ಗಂಗರ ಕಾಲದಲ್ಲಿ ತಿರುಮಲಯ್ಯನೆಂಬ ಸಾಮಂತ ಕಟ್ಟಿಸಿದ ಗುಡಿ. ಆಮೇಲೆ ಹೊಯ್ಸಳರು, ವಿಜಯನಗರದವರು, ಒಡೆಯರು ಬೆಳೆಸಿದರು. ಆದಿರಂಗ ಇದು; ಮಧ್ಯರಂಗ ಶಿವನಸಮುದ್ರದಲ್ಲಿ, ಅಂತ್ಯರಂಗ ತಮಿಳುನಾಡಿನ ಶ್ರೀರಂಗದಲ್ಲಿ. ಮೂರೂ ಕಾವೇರಿಯ ದ್ವೀಪಗಳೇ. ಕಂಬಗಳ ಮೇಲೆ ವಿಷ್ಣುವಿನ 24 ರೂಪಗಳನ್ನು ಕೆತ್ತಿದ್ದಾರೆ, ಎಣಿಸಲು ಮಕ್ಕಳಿಗೆ ಹಚ್ಚಿ. ಅಮ್ಮನಿಗೆ ಇಡೀ ಪ್ರವಾಸದ ಸಾರ್ಥಕ್ಯ ಇಲ್ಲಿಯೇ ಇತ್ತು. ಮಲಗಿದ ರಂಗನಾಥನ ಮುಂದೆ ಅವರು ಕೈಮುಗಿದು ನಿಂತಷ್ಟು ಹೊತ್ತು ನಿಲ್ಲಲಿ ಎಂದು ನಾವು ಹೊರಗೆ ಕಾದೆವು. ಹಿರಿಯರನ್ನು ಕರೆದುಕೊಂಡು ಹೋದವರು ಇಲ್ಲಿ ಗಡಿಯಾರ ನೋಡಬೇಡಿ. ಟಿಪ್ಪುವಿನ ಲಾಲ್ ಮಹಲ್ ಅರಮನೆ ನಿಂತಿದ್ದುದು ಈ ಗುಡಿಯ ಪಕ್ಕದಲ್ಲೇ. ಈಗ ಅಡಿಪಾಯವಷ್ಟೇ ಉಳಿದಿದೆ.

ಅಲ್ಲಿಂದ ಟಿಪ್ಪುವಿನ ದೇಹ ಸಿಕ್ಕ ಜಾಗ ಹತ್ತಿರವೇ. ಒಂದು ಸಣ್ಣ ಕಲ್ಲು, ಸುತ್ತ ಬೇಲಿ. ಐದು ನಿಮಿಷಕ್ಕಿಂತ ಹೆಚ್ಚು ಬೇಡ. ಆದರೆ ಆ ಐದು ನಿಮಿಷದಲ್ಲಿ ನದಿಯ ಕಡೆಗೆ ನಡೆದು ನೀರು ತೋರಿಸಿ. ಮೇ ತಿಂಗಳ ಆರಂಭದಲ್ಲಿ ಕಾವೇರಿ ಬತ್ತಿರುತ್ತದೆ. ಸೈನಿಕರು ಬಂಡೆಗಳ ನಡುವೆ ಕಾಲಿನಲ್ಲೇ ದಾಟಿ ಬಂದರು. ಮುಂಗಾರು ಶುರುವಾಗಿ ಹೊಳೆ ತುಂಬಿದ್ದರೆ ಮುತ್ತಿಗೆ ಹಾಕಿದವರು ಅಷ್ಟು ಸುಲಭವಾಗಿ ದಾಟುತ್ತಿರಲಿಲ್ಲ. ನದಿಯೇ ಕೋಟೆಯಾಗಿದ್ದ ಊರು ನದಿ ಇಳಿದ ತಿಂಗಳಲ್ಲಿ ಬಿತ್ತು.

ರೈಲು ನಿಲ್ದಾಣದ ಬಳಿಯ ಹಳೆಯ ಮದ್ದಿನಮನೆಯನ್ನು ದಾರಿಯಲ್ಲಿ ನಿಂತು ನೋಡಬಹುದು. ಜೋಡಿ ಹಳಿಗೆ ಅಡ್ಡ ಬಂದ ಆ ಕಟ್ಟಡವನ್ನು ಕೆಡವದೆ, 2017ರಲ್ಲಿ ಬುಡಸಮೇತ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ನನ್ನ ಮಗನಿಗೆ ಟಿಪ್ಪುವಿಗಿಂತ ಇದೇ ದೊಡ್ಡ ಸಂಗತಿಯಾಯಿತು. 1787ರ ಜುಮ್ಮಾ ಮಸೀದಿಯ ಎರಡು ಮಿನಾರುಗಳು ಬೆಂಗಳೂರು ದ್ವಾರದ ಬಳಿ ಕಾಣುತ್ತವೆ.

ಊಟ, ಒಂದು ಗಂಟೆ ವಿಶ್ರಾಂತಿ. ಇದನ್ನು ಬಿಡಲೇಬೇಡಿ, ಸಂಜೆಯ ಗುಂಬಜಿಗೆ ಮಕ್ಕಳು ಎಚ್ಚರವಾಗಿರಬೇಕು. ನಾಲ್ಕರ ಹೊತ್ತಿಗೆ ಅಲ್ಲಿಗೆ ಹೋದರೆ ಬಿಸಿಲು ಇಳಿದಿರುತ್ತದೆ. ಹೊಳೆಯುವ ಕರಿಕಲ್ಲಿನ ಕಂಬಗಳ ಸಾಲು, ದಂತದ ಕುಸುರಿಯ ಬಾಗಿಲುಗಳು, ಒಳಗೋಡೆಯ ಮೇಲೆ ಹುಲಿಪಟ್ಟೆ. ಹೈದರ್, ಅವನ ಹೆಂಡತಿ ಫಕ್ರುನ್ನಿಸಾ ಮತ್ತು ಟಿಪ್ಪು, ಮೂವರ ಸಮಾಧಿ ಇಲ್ಲಿದೆ. ತಂದೆಗಾಗಿ ಕಟ್ಟಿಸಿದ ಸಮಾಧಿಯಲ್ಲಿ ಮಗನನ್ನು 1799ರ ಮೇ 5ರಂದು ಮಣ್ಣು ಮಾಡಿದರು. ಚಪ್ಪಲಿ ಬಿಟ್ಟು, ಮೆಲುದನಿಯಲ್ಲಿ ಒಳಗೆ ಹೋಗುವುದನ್ನು ಮಕ್ಕಳಿಗೆ ಮೊದಲೇ ಹೇಳಿ.

ಕೊನೆಗೆ ಸಂಗಮ. ಹಿಂದಿನ ರಾತ್ರಿ ಬರೆದ ಚಿತ್ರವನ್ನು ಇಲ್ಲಿ ತೆರೆದು ನೋಡಿ; ಮೀನಿನ ಬಾಲದಲ್ಲಿ ನೀವು ನಿಂತಿರುತ್ತೀರಿ. ಮೆಟ್ಟಿಲ ಮೇಲೆ ಕುಳಿತುಕೊಳ್ಳಿ, ಪಾದ ನೆನೆಸಿಕೊಳ್ಳಿ, ಅಷ್ಟೆ. ನೀರಿಗಿಳಿಯಲು ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಮೇಲೆ ಶಾಂತವಾಗಿ ಕಾಣುವ ಹೊಳೆಯ ಅಡಿಯಲ್ಲಿ ಸುಳಿಗಳಿವೆ, ಪಾಚಿಗಟ್ಟಿದ ಬಂಡೆಗಳಿವೆ, ಕನ್ನಂಬಾಡಿಯಿಂದ ನೀರು ಬಿಟ್ಟರೆ ಮಟ್ಟ ಏರುತ್ತದೆ. ನಾಳೆ ದಿನವಿಡೀ ನೀರಾಟವಿದೆ ಎಂಬ ಮಾತು ಆ ಹೊತ್ತಿನಲ್ಲಿ ಮಕ್ಕಳನ್ನು ತಡೆಯುವ ಅತ್ಯುತ್ತಮ ಉಪಾಯ. ಕ್ರಮ ಬದಲಿಸಿದ್ದರ ಇನ್ನೊಂದು ಲಾಭ ಇದು.

ರಂಗನತಿಟ್ಟು, ನಿಮಿಷಾಂಬಾ, ಬೃಂದಾವನ ಎಲ್ಲವೂ ಹತ್ತಿರವಿವೆ. ಒಂದನ್ನಾದರೂ ಸೇರಿಸಬೇಕೆಂದರೆ ಸಂಗಮವನ್ನು ಬಿಟ್ಟು ರಂಗನತಿಟ್ಟಿನ ದೋಣಿಗೆ ಹೋಗಿ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ಮಕ್ಕಳಿಗೆ ಇಷ್ಟ. ಪ್ರವಾಹದ ದಿನಗಳಲ್ಲಿ ದೋಣಿ ಇರುವುದಿಲ್ಲ. ಎಲ್ಲವನ್ನೂ ಒಂದೇ ದಿನ ಮುಗಿಸುವ ಹಟ ಬೇಡ.

ಭಾನುವಾರ: ಬಿಡದಿ

ಎಂಟಕ್ಕೆ ಹೊರಡಿ. ಬಿಡದಿ ಸುಮಾರು 90 ಕಿ.ಮೀ. ದೂರ. ಇಲ್ಲಿಯೂ ಬೈಪಾಸ್ ಹಿಡಿಯದೆ ಮೊದಲೇ ಹಳೆಯ ರಸ್ತೆಗೆ ಇಳಿಯಬೇಕು. ಇಳಿದದ್ದಕ್ಕೆ ಬಹುಮಾನವಾಗಿ ಬಿಡದಿಯ ತಟ್ಟೆ ಇಡ್ಲಿ ಬೆಣ್ಣೆಯೊಂದಿಗೆ ಸಿಗುತ್ತದೆ. ಹೊಟ್ಟೆ ಬಿರಿಯುವಷ್ಟು ಮಾತ್ರ ತಿನ್ನಿಸಬೇಡಿ. ತಲೆಕೆಳಗಾಗಿ ತಿರುಗುವ ಆಟಕ್ಕೂ ತುಂಬಿದ ಹೊಟ್ಟೆಗೂ ಆಗಿಬರುವುದಿಲ್ಲ.

ಮೈಸೂರಿನಲ್ಲೇ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಇರುವಾಗ ಬಿಡದಿಗೆ ಏಕೆ ಎಂದು ಕೇಳಬಹುದು. ಹಾಸನ, ಮಡಿಕೇರಿ, ಚಾಮರಾಜನಗರದ ಕಡೆಯಿಂದ ಬಂದವರಿಗೆ ಮೈಸೂರಿನದೇ ಸರಿ. ಬೆಂಗಳೂರಿನವರು ಮಾತ್ರ ನೀರಿನಲ್ಲಿ ಆಡಿ ದಣಿದ ಮೇಲೆ ಭಾನುವಾರದ ವಾಹನ ಸಾಲಿನಲ್ಲಿ ನೂರಾ ನಲವತ್ತು ಕಿಲೋಮೀಟರ್ ಬರಬೇಕಾಗುತ್ತದೆ. ಬಿಡದಿಯಿಂದ ಮನೆ ಮೂವತ್ತೇ ಕಿಲೋಮೀಟರ್. ಗಾಡಿ ಓಡಿಸುವವರಿಗೂ ದಣಿವಾಗುತ್ತದೆ ಎಂಬುದನ್ನು ಯಾವ ಪ್ರವಾಸದ ಪಟ್ಟಿಯೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಬಾಗಿಲು ತೆರೆಯುವ ಹನ್ನೊಂದಕ್ಕೆ ಅರ್ಧ ಗಂಟೆ ಮುಂಚೆ ಅಲ್ಲಿರಿ. ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲ, ಹಿರಿಯರ ಔಷಧಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಒಳಗೆ ಹೋದೊಡನೆ ಮಾಡಬೇಕಾದದ್ದು ಆಟವಲ್ಲ, ಲಾಕರ್. ಅದು ಸಿಕ್ಕ ಕೂಡಲೇ ಆ ದಿನದ ಉಡುಪಿನಲ್ಲಿ ಪ್ರತಿ ಮಗುವಿನ ಒಂದು ಫೋಟೊ ತೆಗೆಯಿರಿ, ಮುಂಗೈ ಮೇಲೆ ಅಳಿಸದ ಪೆನ್ನಿನಲ್ಲಿ ನಿಮ್ಮ ಫೋನ್ ಸಂಖ್ಯೆ ಬರೆಯಿರಿ, ತಪ್ಪಿಸಿಕೊಂಡರೆ ಬಂದು ನಿಲ್ಲಬೇಕಾದ ಒಂದು ಗುರುತಿನ ಜಾಗವನ್ನು ತೋರಿಸಿ. ಫೋನು ಲಾಕರಿನಲ್ಲಿರುವ ಹೊತ್ತಿನಲ್ಲಿ ಆ ಗುರುತಿನ ಜಾಗವೇ ಆಧಾರ.

ಮೊದಲ ಎರಡು ಗಂಟೆ ಒಣ ಆಟಗಳಿಗೆ, ಅದರಲ್ಲೂ ದೊಡ್ಡವುಗಳಿಗೆ. ಆಗ ಸಾಲು ಚಿಕ್ಕದು. ಗಂಡ ಹೆಂಡತಿ ಸರದಿಯಂತೆ ಹೋಗಿ. ಒಬ್ಬರು ಚಿಕ್ಕವನ ಜೊತೆ, ಒಬ್ಬರು ದೊಡ್ಡವಳ ಜೊತೆ. ಹೃದಯದ ತೊಂದರೆ, ಬೆನ್ನುನೋವು ಇರುವವರು, ಗರ್ಭಿಣಿಯರು ಫಲಕದ ಎಚ್ಚರಿಕೆಯನ್ನು ಓದಿ ಹಿಂದೆ ಸರಿಯಿರಿ. ಭಯಪಡುವ ಮಗುವನ್ನು ಬಲವಂತವಾಗಿ ಕೂರಿಸಬೇಡಿ. ಪಕ್ಕದಲ್ಲಿ ನಿಂತು ಎರಡು ಸುತ್ತು ನೋಡಿದ ಮೇಲೆ ನನ್ನ ಮಗ ತಾನಾಗಿಯೇ ಸಾಲಿಗೆ ಸೇರಿಕೊಂಡ.

ಬೇಗ ಊಟ ಮುಗಿಸಿ ನೀರಿಗೆ. ಅಲೆಯ ಕೊಳದಲ್ಲಿ ಚಿಕ್ಕವರನ್ನು ಕೈಗೆಟಕುವಷ್ಟು ಹತ್ತಿರದಲ್ಲೇ ಇಟ್ಟುಕೊಳ್ಳಿ. ಜೀವರಕ್ಷಕರಿದ್ದಾರೆಂದು ಕಣ್ಣು ಬೇರೆಡೆ ಹಾಯಿಸಬೇಡಿ. ಪ್ರತಿ ಮುಕ್ಕಾಲು ಗಂಟೆಗೊಮ್ಮೆ ಹೊರಗೆ ಕರೆದು ನೀರು ಕುಡಿಸಿ. ನೀರಿನಲ್ಲಿದ್ದರೂ ಬಾಯಾರುತ್ತದೆ, ಮಕ್ಕಳಿಗೆ ಅದು ತಿಳಿಯುವುದಿಲ್ಲ. ಅಮ್ಮ ನೆರಳಿನ ಬೆಂಚಿನಲ್ಲಿ ಕುಳಿತಿದ್ದರು. ಒಂದು ಗಂಟೆಯಾದ ಮೇಲೆ ನಿಧಾನವಾಗಿ ಹರಿಯುವ ಕಾಲುವೆಯಲ್ಲಿ ಟ್ಯೂಬಿನ ಮೇಲೆ ಮೊಮ್ಮಗಳ ಕೈ ಹಿಡಿದು ತೇಲಿ ಬಂದರು. ಹಿರಿಯರನ್ನು ಒಮ್ಮೆಯಾದರೂ ಕೇಳಿ, ಬೇಡವೆನ್ನುತ್ತಾರೆಂದು ನಾವೇ ತೀರ್ಮಾನಿಸುವುದು ಸರಿಯಲ್ಲ.

ಅಲೆಯ ಕೊಳದ ಅಂಚಿನಲ್ಲಿ, ಮೊಣಕಾಲುದ್ದದ ನೀರಿನಲ್ಲಿ ನಿಂತು ಮಗಳು ನನ್ನನ್ನು ಕರೆದಳು. "ಆ ದಿನ ಕಾವೇರಿಯಲ್ಲಿ ಇಷ್ಟೇ ನೀರಿತ್ತೇ ಅಮ್ಮ?" ನಾನು ಇರಬಹುದು ಎಂದೆ. ಅವಳು ನಾಲ್ಕು ಹೆಜ್ಜೆ ಮುಂದೆ ನಡೆದು, ಅಲೆ ಬಂದು ಎದೆಗೆ ಬಡಿದಾಗ ತಿರುಗಿ ನೋಡಿದಳು. "ಇಷ್ಟಿದ್ದಿದ್ದರೆ ದಾಟಲು ಆಗುತ್ತಿರಲಿಲ್ಲ."

ಐದೂವರೆಗೆ ನೀರಿನಿಂದ ಹೊರಗೆ ಬನ್ನಿ. ಕೊನೆಯ ಅರ್ಧ ಗಂಟೆಗೆ ಕಾದರೆ ಬಟ್ಟೆ ಬದಲಿಸುವ ಕೋಣೆಗಳಲ್ಲಿ ಇಡೀ ಊರೇ ಸೇರಿರುತ್ತದೆ. ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಚೀಲ, ಪ್ರತಿಯೊಬ್ಬರಿಗೂ ಒಂದು ಒಣ ಟವೆಲ್, ಮಕ್ಕಳಿಗೆ ಉದ್ದ ತೋಳಿನ ಹತ್ತಿಯ ಬಟ್ಟೆ, ಕಾರಿನಲ್ಲಿ ಬಾಳೆಹಣ್ಣು. ಆರಕ್ಕೆ ಹೊರಟರೆ ಕೆಂಗೇರಿಯ ದಟ್ಟಣೆ ಕಟ್ಟುವ ಮುನ್ನ ಊರೊಳಗೆ ಸೇರುತ್ತೀರಿ. ಈ ಸಲವೂ ಇಬ್ಬರೂ ಹಿಂದಿನ ಸೀಟಿನಲ್ಲಿ ನಿದ್ದೆ ಹೋದರು. ಮನೆ ಬರುವವರೆಗೆ ಎಬ್ಬಿಸುವ ಅಗತ್ಯ ಬೀಳಲಿಲ್ಲ.